ಸಿನಿಮಾ ಮುಗಿದ ಮೇಲಿನ ಮಾತು

ತಿರುವನಂತಪುರದ ತಂಬಾನೂರು ಬಸ್ ನಿಲ್ದಾಣದ ಮಗ್ಗುಲಲ್ಲಿ ಕೈರಳಿ, ಶ್ರೀ, ನಿಳಾ ಎಂಬ ಮೂರು ಚಿತ್ರಮಂದಿರಗಳು ಒಂದೇ ಆವರಣದಲ್ಲಿವೆ. ಡಿಸೆಂಬರ್ ಎರಡನೆಯ ವಾರ ಬಂತೆಂದರೆ ಅವುಗಳ ಮೆಟ್ಟಿಲ ಮೇಲೆ ಬೆಳಗಿನ ಹೊತ್ತಿಗೇ ಜನ ಕುಳಿತಿರುತ್ತಾರೆ. ಕೊರಳಲ್ಲಿ ಪಾಸು, ಹೆಗಲಲ್ಲಿ ಬಟ್ಟೆಯ ಚೀಲ, ಕೈಯಲ್ಲಿ ಪೆನ್ನಿನಿಂದ ಗೀಟು ಹಾಕಿದ ವೇಳಾಪಟ್ಟಿ. ಬಸ್ಸಿಳಿದು ಕೆಲಸಕ್ಕೆ ಹೋಗುವವರು ಇವರನ್ನು ನೋಡಿ ಬೆರಗಾಗುವುದಿಲ್ಲ. ಮಳೆಗಾಲಕ್ಕೆ ಕೊಡೆ ಹೊರಬರುವ ಹಾಗೆ, ಡಿಸೆಂಬರಿಗೆ ಈ ಪಾಸುಗಳು ಹೊರಬರುತ್ತವೆ.

ನಾನು ಸಾಗರದ ಕಡೆಯವನು. ಕೆಲಸದ ನಿಮಿತ್ತ 2011ರಲ್ಲಿ ಈ ಊರಿಗೆ ಬಂದೆ. ಕೇರಳದ ಅಂತರರಾಷ್ಟ್ರೀಯ ಚಿತ್ರೋತ್ಸವಕ್ಕೆ ಮೊದಲ ವರ್ಷ ಹೋದದ್ದು ಸಹೋದ್ಯೋಗಿಗಳು ಎಳೆದುಕೊಂಡು ಹೋದರೆಂದು. ಆಮೇಲೆ ನನ್ನ ವಾರ್ಷಿಕ ರಜೆಯೆಲ್ಲ ಡಿಸೆಂಬರಿಗೇ ಮೀಸಲಾಯಿತು. 1996ರಲ್ಲಿ ಕೋಳಿಕ್ಕೋಡಿನಲ್ಲಿ ಆರಂಭವಾದ ಉತ್ಸವ ಇದು. ಈಗ ರಾಜ್ಯದ ಚಲಚ್ಚಿತ್ರ ಅಕಾಡೆಮಿ ನಡೆಸುತ್ತದೆ. ಹತ್ತು ಸಾವಿರಕ್ಕೂ ಹೆಚ್ಚು ಪ್ರತಿನಿಧಿಗಳು ಸೇರುತ್ತಾರೆ. ಇಲ್ಲಿ ಪ್ರತಿನಿಧಿ ಎಂದರೆ ಸುಮಾರು ಸಾವಿರ ರೂಪಾಯಿ ಕೊಟ್ಟು ಪಾಸು ಕೊಂಡ ಯಾರಾದರೂ ಸರಿ. ವಿದ್ಯಾರ್ಥಿಗಳಿಗೆ ಅದರ ಅರ್ಧ. ಆಟೋ ಓಡಿಸುವವರು, ನರ್ಸುಗಳು, ಕಾಲೇಜು ಹುಡುಗಿಯರು, ನಿವೃತ್ತ ಗುಮಾಸ್ತರು, ಎಲ್ಲರೂ ಪ್ರತಿನಿಧಿಗಳೇ.

ನಾನು ಮರೆಯಲಾಗದ ವರ್ಷ 2022. ಡಿಸೆಂಬರ್ 9ರಿಂದ 16ರವರೆಗೆ ನಡೆದ ಇಪ್ಪತ್ತೇಳನೆಯ ಆವೃತ್ತಿ. ಕನಕಕುನ್ನಿನ ನಿಶಾಗಂಧಿ ಬಯಲು ರಂಗಮಂದಿರದಲ್ಲಿ ಉದ್ಘಾಟನೆ. ಇರಾನಿನ ನಿರ್ದೇಶಕಿ ಮಹನಾಜ್ ಮೊಹಮ್ಮದಿ ಅವರಿಗೆ ‘ಸ್ಪಿರಿಟ್ ಆಫ್ ಸಿನಿಮಾ’ ಪ್ರಶಸ್ತಿ ಘೋಷಣೆಯಾಗಿತ್ತು, ಆದರೆ ಅವರಿಗೆ ಬರಲಾಗಲಿಲ್ಲ. ತಮ್ಮ ಬದಲಿಗೆ ಅವರು, ಇರಾನಿನ ಹೆಂಗಸರ ಪ್ರತಿಭಟನೆಯ ಗುರುತಾಗಿ, ಕತ್ತರಿಸಿದ ತಮ್ಮ ಕೂದಲ ಎಳೆಯನ್ನು ಕಳುಹಿಸಿದ್ದರು. ಗ್ರೀಸಿನ ನಿರ್ದೇಶಕಿ ಅಥಿನಾ ರಾಚೆಲ್ ಸಾಂಗಾರಿ ಅದನ್ನು ವೇದಿಕೆಯ ಮೇಲೆ ಎತ್ತಿ ಹಿಡಿದರು. ನನ್ನ ಪಕ್ಕದಲ್ಲಿ ಕುಳಿತಿದ್ದ ವಯಸ್ಸಾದ ಹೆಂಗಸು ಎದ್ದು ನಿಂತು ಚಪ್ಪಾಳೆ ತಟ್ಟುತ್ತಲೇ ಅಳುತ್ತಿದ್ದರು. ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳಿ ನಿವೃತ್ತರಾದವರು. ಈ ಊರಿನ ರೂಢಿಯಂತೆ ನಾನು ಅವರನ್ನು ‘ಟೀಚರ್’ ಎನ್ನುತ್ತೇನೆ, ಅವರು ನನ್ನನ್ನು ‘ಮೋನೇ’ ಎನ್ನುತ್ತಾರೆ. ಮಗನೇ ಎಂದು ಅರ್ಥ. ಆ ವಾರ ಪೂರ್ತಿ ನಾವಿಬ್ಬರೂ ಸಾಲಿನಲ್ಲಿ ಅಕ್ಕಪಕ್ಕ ಇದ್ದೆವು.

ಆ ಸಲದ ಚಿತ್ರಗಳ ಬಗೆಯನ್ನು ನೆನೆದರೆ ಈಗಲೂ ಹಸಿವಾಗುತ್ತದೆ. ಆರಂಭದ ಚಿತ್ರ ಬೆಲ್ಜಿಯಮ್ಮಿನ ನಿರ್ದೇಶಕರಾದ ದಾರ್ದೆನ್ ಸಹೋದರರದು, ಆ ದೇಶಕ್ಕೆ ಬಂದ ಇಬ್ಬರು ವಲಸೆ ಮಕ್ಕಳ ಕಥೆ. ಇನ್ನೊಂದು ಕಡೆ ಸರ್ಬಿಯಾದ ಚಿತ್ರಗಳ ಗುಚ್ಛ. ಮತ್ತೊಂದು ಕಡೆ ನೂರು ವರ್ಷ ಹಳೆಯ ಮೂಕಿ ಚಿತ್ರಗಳು. ಪರದೆಯ ಪಕ್ಕದಲ್ಲಿ ಕುಳಿತು ಜಾನಿ ಬೆಸ್ಟ್ ಎಂಬ ಬ್ರಿಟಿಷ್ ವಾದಕರು ಅವುಗಳಿಗೆ ಪಿಯಾನೊ ನುಡಿಸಿದರು. ಹಂಗೇರಿಯ ಬೆಲಾ ತಾರ್ ಜೀವಮಾನ ಸಾಧನೆಯ ಪ್ರಶಸ್ತಿ ಪಡೆಯಲು ಸ್ವತಃ ಬಂದಿದ್ದರು. ಅಷ್ಟು ನಿಧಾನಗತಿಯ ಚಿತ್ರಗಳನ್ನು ಮಾಡಿದ ನಿರ್ದೇಶಕನನ್ನು ಕಾಣಲು ಇಪ್ಪತ್ತು ವರ್ಷದ ಹುಡುಗರು ಓಡಿ ಹೋಗುವುದನ್ನು ನಾನು ಬೇರೆಲ್ಲೂ ಕಂಡಿರಲಿಲ್ಲ.

ಉತ್ಸವದ ಅತ್ಯುತ್ತಮ ಚಿತ್ರಕ್ಕೆ ಕೊಡುವ ಸುವರ್ಣ ಚಕೋರ ಗೆದ್ದದ್ದು ‘ಉತಾಮಾ’ ಎಂಬ ಬೊಲಿವಿಯಾದ ಚಿತ್ರ. ಎತ್ತರದ ಬಯಲಿನಲ್ಲಿ ಲಾಮಾಗಳನ್ನು ಮೇಯಿಸಿಕೊಂಡಿರುವ ಮುದುಕ ಮುದುಕಿ. ಮಳೆಯಿಲ್ಲ, ಊರಿನ ನೀರಿನ ಪಂಪು ಬತ್ತಿದೆ. ಪೇಟೆಯಿಂದ ಬಂದ ಮೊಮ್ಮಗ ನನ್ನ ಜೊತೆ ಹೊರಡಿ ಎನ್ನುತ್ತಾನೆ. ಅಜ್ಜ ಅಜ್ಜಿಯ ಮಾತು ಕೆಚುವಾ, ಮೊಮ್ಮಗನ ಮಾತು ಸ್ಪ್ಯಾನಿಷ್. ಮನೆಯಲ್ಲಿ ಕನ್ನಡದಲ್ಲಿ ಕೇಳಿದ್ದಕ್ಕೆ ಮಲಯಾಳದಲ್ಲಿ ಉತ್ತರಿಸುವ ಮಗಳಿರುವ ನನಗೆ ಆ ಚಿತ್ರ ಎಲ್ಲಿ ತಾಗಿತೆಂದು ಹೇಳಬೇಕಾಗಿಲ್ಲ.

ಆದರೆ ನಾನು ಬರೆಯಲು ಕುಳಿತದ್ದು ಚಿತ್ರಗಳ ಬಗ್ಗೆ ಅಲ್ಲ, ಅವು ಮುಗಿದ ಮೇಲೆ ನಡೆಯುವುದರ ಬಗ್ಗೆ. ‘ಉತಾಮಾ’ ನೋಡಿ ಹೊರಬಂದ ಮೇಲೆ ಟೀಚರ್ ಮತ್ತು ಅವರ ಪರಿಚಯದ ಒಬ್ಬ ಬಸ್ ಕಂಡಕ್ಟರ್ ನಡುವೆ ಕಟ್ಟನ್ ಚಾಯದ, ಅಂದರೆ ಹಾಲಿಲ್ಲದ ಚಹಾದ, ಗೂಡಂಗಡಿಯ ಮುಂದೆ ಮುಕ್ಕಾಲು ಗಂಟೆ ವಾದ ನಡೆಯಿತು. ಮುದುಕ ಹಟಮಾರಿಯೋ, ಧೀರನೋ? ಹೆಂಡತಿಯನ್ನು ಒಮ್ಮೆಯೂ ಕೇಳದೆ ಉಳಿಯುತ್ತೇನೆಂದು ನಿರ್ಧರಿಸುವುದು ಯಾವ ನ್ಯಾಯ ಎಂದು ಟೀಚರ್. ನೆಲವನ್ನು ಬಿಟ್ಟರೆ ಅವನಿಗೆ ಮಾತೇ ಉಳಿಯುವುದಿಲ್ಲ ಎಂದು ಕಂಡಕ್ಟರ್. ಇಬ್ಬರೂ ಚಿತ್ರದ ದೃಶ್ಯಗಳನ್ನೇ ಸಾಕ್ಷಿ ಹಾಕುತ್ತಿದ್ದರು: ನೀರು ತರುವವಳು ಯಾರು, ಕ್ಯಾಮೆರಾ ಯಾರ ಹಿಂದೆ ನಡೆಯುತ್ತದೆ, ಯಾರ ಮುಖವನ್ನು ಹತ್ತಿರದಿಂದ ತೋರಿಸುತ್ತದೆ. ಎಲ್ಲವೂ ಮಲಯಾಳದಲ್ಲಿ. ನನ್ನ ಮುರುಕು ಮಲಯಾಳಕ್ಕೂ ಅಲ್ಲಿ ಜಾಗವಿತ್ತು.

ಇದೇ ಮಾತು ವಳುದಕ್ಕಾಡಿನ ಟ್ಯಾಗೋರ್ ಥಿಯೇಟರಿನ ಆವರಣದಲ್ಲಿ ‘ಓಪನ್ ಫೋರಮ್’ ಎಂಬ ಹೆಸರಿನಲ್ಲಿ ನಡೆಯುತ್ತದೆ. ವೇದಿಕೆಯ ಮೇಲೆ ನಿರ್ದೇಶಕರು, ವಿಮರ್ಶಕರು. ಕೆಳಗೆ ಯಾರು ಬೇಕಾದರೂ ಎದ್ದು ನಿಂತು ಕೇಳಬಹುದು. ಅರವಿಂದನ್ ಸ್ಮಾರಕ ಉಪನ್ಯಾಸ, ನಿರ್ದೇಶಕರೊಂದಿಗೆ ಸಂವಾದ ಮುಂತಾದವು ಬೇರೆ. ಕೆಲವೊಮ್ಮೆ ಮಾತು ಸಿನಿಮಾ ಬಿಟ್ಟು ರಾಜಕೀಯಕ್ಕೆ ಜಾರಿ ಒಂದು ತಾಸು ಹಾಳಾಗುವುದೂ ಉಂಟು. ಜಗಳಗಳೂ ಕಡಿಮೆಯಿಲ್ಲ. ಅದೇ 2022ರಲ್ಲಿ ಸೀಟು ಸಿಗದವರು ಪ್ರತಿಭಟನೆಗಿಳಿದು ಪೊಲೀಸರು ಬರಬೇಕಾಯಿತು. 2014ರಲ್ಲಿ, ಸಬ್‌ಟೈಟಲ್ ಓದುವಷ್ಟು ಇಂಗ್ಲಿಷ್ ಬಾರದವರು ಉತ್ಸವಕ್ಕೆ ಬರಬೇಕಾಗಿಲ್ಲ ಎಂಬ ಅಭಿಪ್ರಾಯ ಹಿರಿಯರೊಬ್ಬರಿಂದ ಬಂದಾಗ ಊರೆಲ್ಲ ಅದೇ ಚರ್ಚೆ. ಈ ಜಗಳಗಳು ನನಗೆ ಇಷ್ಟ. ಅತಿಥಿಯಾಗಿ ಬಂದವನು ಊಟ ತಡವಾದರೂ ಸುಮ್ಮನಿರುತ್ತಾನೆ. ಮನೆಯವನು ಅಡುಗೆಮನೆಗೇ ಹೋಗಿ ಕೇಳುತ್ತಾನೆ.

ಇಂಗ್ಲಿಷಿನ ಆ ಪ್ರಶ್ನೆಗೆ ಮಲಯಾಳಿಗಳು ಕೊಟ್ಟ ಉತ್ತರ ಬರೀ ಮಾತಿನದಲ್ಲ. ಎಂಸೋನ್ ಎಂಬ ಸ್ವಯಂಸೇವಕರ ಬಳಗ 2012ರಿಂದ ಜಗತ್ತಿನ ಸಿನಿಮಾಗಳಿಗೆ ಮಲಯಾಳದಲ್ಲಿ ಸಬ್‌ಟೈಟಲ್ ಬರೆಯುತ್ತಿದೆ. ಸಾವಿರಾರು ಚಿತ್ರಗಳಾಗಿವೆ. ಕೆಲಸ ಮುಗಿಸಿ ಮನೆಗೆ ಬಂದವರು ರಾತ್ರಿ ಕುಳಿತು ಕೊರಿಯಾದ, ಇರಾನಿನ ಚಿತ್ರಗಳ ಮಾತುಗಳನ್ನು ತಮ್ಮ ನುಡಿಗೆ ತರುತ್ತಾರೆ. ಕೊರಿಯಾದ ನಿರ್ದೇಶಕ ಕಿಮ್ ಕಿ ಡುಕ್ 2013ರಲ್ಲಿ ಇಲ್ಲಿಗೆ ಬಂದಾಗ ಸಿನಿಮಾ ತಾರೆಯ ಸುತ್ತ ಸೇರುವಂಥ ಗುಂಪು ಅವರ ಸುತ್ತ ಸೇರಿತ್ತು ಎಂದರೆ, ಅಂಥ ರಾತ್ರಿಗಳಿಗೂ ಅದರಲ್ಲಿ ಪಾಲಿದೆ ಎಂದು ನನಗೆ ಅನಿಸುತ್ತದೆ.

ಇನ್ನು ನಮ್ಮ ಬೆಂಗಳೂರಿನ ಉತ್ಸವ. ಸುಚಿತ್ರಾ ಫಿಲ್ಮ್ ಸೊಸೈಟಿಯಂಥ ಹಳೆಯ ಬಳಗದ ಶ್ರಮದಿಂದ 2006ರಲ್ಲಿ ಮೊದಲಾಗಿ, ಈಗ ಕರ್ನಾಟಕ ಚಲನಚಿತ್ರ ಅಕಾಡೆಮಿಯ ಹೊಣೆಯಲ್ಲಿದೆ. ಚಿತ್ರಗಳ ಆಯ್ಕೆಯಲ್ಲಿ ಅದು ಯಾರಿಗೂ ಕಡಿಮೆಯಲ್ಲ. ಕನ್ನಡ ಚಿತ್ರಗಳಿಗೇ ಒಂದು ಸ್ಪರ್ಧೆ ಇದೆ, ಭಾರತೀಯ ಚಿತ್ರಗಳಿಗೆ ಬೇರೆ, ಏಷ್ಯಾದ ಚಿತ್ರಗಳಿಗೆ ಬೇರೆ. 2023ರ ಮಾರ್ಚ್‌ನಲ್ಲಿ ರಜೆ ಹಾಕಿ ಹೋಗಿದ್ದೆ. ಒಂದೇ ಮಾಲಿನ ಒಂದೇ ಸೂರಿನಡಿ ಇಷ್ಟೊಂದು ಪರದೆಗಳು! ಇಲ್ಲಿಯ ಹಾಗೆ ಒಂದು ಚಿತ್ರಮಂದಿರದಿಂದ ಇನ್ನೊಂದಕ್ಕೆ ಬಿಸಿಲಿನಲ್ಲಿ ಓಡಬೇಕಾಗಿಲ್ಲ. ಕಾಲಿಗೆ ಸುಖ. ಆದರೆ ಸಿನಿಮಾ ಮುಗಿದೊಡನೆ ಎಸ್ಕಲೇಟರ್ ನಮ್ಮನ್ನು ಬಟ್ಟೆ ಅಂಗಡಿಗಳ ನಡುವೆ ಇಳಿಸುತ್ತದೆ. ಮಾಲ್ ಎಂಬ ಕಟ್ಟಡವನ್ನು ಕಟ್ಟುವುದೇ ಜನ ಒಂದೆಡೆ ನಿಲ್ಲದೆ ನಡೆಯುತ್ತಿರಲಿ ಎಂದು. ನಿಂತು ಮಾತನಾಡಲು ಬೇಕಾದ ಮೆಟ್ಟಿಲು, ಮರದ ನೆರಳು, ಹತ್ತು ರೂಪಾಯಿಯ ಚಹಾ ಅಲ್ಲಿರುವುದಿಲ್ಲ. ಸಾಲಿನಲ್ಲಿ ನನ್ನ ಪಕ್ಕದಲ್ಲಿದ್ದವರು ಕನ್ನಡದವರೇ ಆಗಿದ್ದರು; ಚಿತ್ರ ನೋಡಿ ಬಂದ ಮೇಲೆ ಅವರನ್ನು ಹುಡುಕಿದರೆ ಸಿಗಲಿಲ್ಲ.

ಮಾತಿನ ಭಾಷೆಯೂ ಒಂದು ಸಂಗತಿ. ನಮ್ಮ ನಗರಗಳಲ್ಲಿ ಲೋಕದ ಸಿನಿಮಾದ ಬಗ್ಗೆ ಗೋಷ್ಠಿ ಎಂದರೆ ಇಂಗ್ಲಿಷ್ ತಾನಾಗಿ ಬಂದು ಕುಳಿತುಬಿಡುತ್ತದೆ. ಬೆಂಗಳೂರಿನಲ್ಲಿ ಹತ್ತು ಭಾಷೆಯವರು ಇರುತ್ತಾರೆ, ನಿಜ. ಆದರೆ ಚಿತ್ರದುರ್ಗದಿಂದಲೋ ಕೊಪ್ಪಳದಿಂದಲೋ ಬಂದ ಹುಡುಗ ತನ್ನ ಪ್ರಶ್ನೆಯನ್ನು ಮನಸ್ಸಿನಲ್ಲೇ ಇಂಗ್ಲಿಷಿಗೆ ತಿರುಗಿಸಿಕೊಳ್ಳುವಷ್ಟರಲ್ಲಿ ಮೈಕು ಮುಂದಕ್ಕೆ ಹೋಗಿರುತ್ತದೆ. ಕನ್ನಡದಲ್ಲಿ ಡಬ್ಬಿಂಗ್ ಬೇಕೇ ಬೇಡವೇ ಎಂದು ದಶಕಗಳ ಕಾಲ ಕಾದಾಡಿದೆವು, ವ್ಯಾಪಾರದ ಪೈಪೋಟಿಯ ಮೇಲೆ ಕಣ್ಣಿಡುವ ಸ್ಪರ್ಧಾ ಆಯೋಗದವರೆಗೂ ಆ ಜಗಳ ಹೋಗಿ 2015ರಲ್ಲಿ ತೀರ್ಪು ಬಂತು. ಕನ್ನಡ ಸಬ್‌ಟೈಟಲ್ ಬೇಕೆಂದು ಅದರ ಕಾಲು ಭಾಗ ದನಿಯಲ್ಲೂ ನಾವು ಕೇಳಲಿಲ್ಲ.

ಇದನ್ನು ಕೇರಳದ ಹೊಗಳಿಕೆ ಎಂದು ತಿಳಿಯಬೇಡಿ. ಈ ದಾರಿಯನ್ನು ನಮ್ಮವರು ಆಗಲೇ ನಡೆದಿದ್ದರು. ನನ್ನ ಊರಿಗೆ ಹೆಗ್ಗೋಡು ದೂರವಲ್ಲ. 1973ರಲ್ಲಿ ಅಲ್ಲಿ ನೀನಾಸಂ ಚಿತ್ರಸಮಾಜ ಹುಟ್ಟಿತು. ಕೆ.ವಿ. ಸುಬ್ಬಣ್ಣನವರು ಲೋಕದ ಶ್ರೇಷ್ಠ ಚಿತ್ರಗಳನ್ನು ಅಡಿಕೆ ತೋಟದವರ ಎದುರು ತಂದಿಟ್ಟರು. ಅಪ್ಪಯ್ಯ ಈಗಲೂ ಹೇಳುತ್ತಾರೆ: ಕಾಡಿನಲ್ಲಿ ನಡೆದ ಒಂದು ಕೊಲೆಯನ್ನು ನಾಲ್ವರು ನಾಲ್ಕು ಬಗೆಯಾಗಿ ಹೇಳುವ ಜಪಾನಿನ ಚಿತ್ರವನ್ನು ನೋಡಿ, ರಾತ್ರಿ ದೀಟಿಗೆ ಹಿಡಿದು ಮನೆಗೆ ನಡೆಯುವಾಗ ದಾರಿಯುದ್ದಕ್ಕೂ ಯಾರ ಹೇಳಿಕೆ ನಿಜವೆಂದು ಗೆಳೆಯರು ಕಿತ್ತಾಡಿದ್ದರಂತೆ. ಚಿತ್ರಕ್ಕೆ ಮೊದಲು ಒಬ್ಬರು ನಿಂತು ಕನ್ನಡದಲ್ಲಿ ಅದರ ಎಳೆ ಹೇಳಿದ್ದರು, ಅಷ್ಟೇ ಸಾಕಾಗಿತ್ತು. 1983ರಿಂದ 85ರವರೆಗೆ ‘ಜನಸ್ಪಂದನ’ ಯೋಜನೆಯಲ್ಲಿ ಇದೇ ಕೆಲಸ ರಾಜ್ಯದ ಬೇರೆ ಬೇರೆ ಹಳ್ಳಿಗಳಿಗೆ ಹೋಯಿತು, ಸಿನಿಮಾ ನೋಡುವುದನ್ನು ಕಲಿಸುವ ಶಿಬಿರಗಳು ನಡೆದವು. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ನಾವು ಶಾಲೆಯಲ್ಲಿ ಸಿಹಿ ಹಂಚಿದ್ದೆವು.

ಕೇರಳದಲ್ಲಿ 1965ರಲ್ಲಿ ಅಡೂರ್ ಗೋಪಾಲಕೃಷ್ಣನ್ ಮತ್ತು ಗೆಳೆಯರು ಕಟ್ಟಿದ ಚಿತ್ರಲೇಖಾದಿಂದ ಮೊದಲಾದ ಫಿಲ್ಮ್ ಸೊಸೈಟಿಗಳು ಊರೂರಿಗೆ ಹಬ್ಬಿ, ಕೊನೆಗೆ ಆ ಹರಿವೆಲ್ಲ ರಾಜ್ಯದ ಉತ್ಸವಕ್ಕೆ ಬಂದು ಕೂಡಿತು. ಓಪನ್ ಫೋರಮ್ಮಿನಲ್ಲಿ ಕೇಳಿಸುವುದು ಆ ಸೊಸೈಟಿಗಳ ದನಿಯೇ. ನಮ್ಮಲ್ಲಿ ಹೆಗ್ಗೋಡಿನದು ಹೆಗ್ಗೋಡಿನಲ್ಲಿ, ಬೆಂಗಳೂರಿನದು ಬೆಂಗಳೂರಿನಲ್ಲಿ ಉಳಿಯಿತು. ನಡುವೆ ಸೇತುವೆ ಬೀಳಲಿಲ್ಲ. ನನಗೆ ಸಂಕಟ ತರುವುದು ಇದು. ನಮ್ಮಲ್ಲಿ ಇಲ್ಲದ್ದಕ್ಕೆ ನಾನು ಕೊರಗುತ್ತಿಲ್ಲ, ಇದ್ದದ್ದು ಹೀಗೆ ಬಿಡಿಬಿಡಿಯಾಗಿ ಉಳಿದದ್ದಕ್ಕೆ ಕೊರಗುತ್ತೇನೆ.

ಮಾಡಬೇಕಾದದ್ದು ದೊಡ್ಡ ಖರ್ಚಿನ ಕೆಲಸವಲ್ಲ. ಏಷ್ಯಾ ಸ್ಪರ್ಧೆಯ ಚಿತ್ರಗಳಿಗಾದರೂ ಕನ್ನಡದಲ್ಲಿ ಸಬ್‌ಟೈಟಲ್ ಇರಲಿ. ಅದಾಗದಿದ್ದರೆ ಬಾಗಿಲಲ್ಲಿ ಒಂದು ಪುಟದ ಕನ್ನಡ ಟಿಪ್ಪಣಿ ಸಿಗಲಿ. ದಿನಕ್ಕೊಂದು ತಾಸು, ಮಾಲಿನಿಂದ ಹೊರಗೆ, ಬಯಲಿನಲ್ಲಿ, ಕನ್ನಡದಲ್ಲಿ ಮಾತು ನಡೆಯಲಿ. ಹೊರಗಿನ ನಿರ್ದೇಶಕರಿಗೆ ಅನುವಾದ ಮಾಡಿ ಹೇಳುವವರು ನಮ್ಮಲ್ಲಿ ಎಷ್ಟು ಜನ ಇಲ್ಲ! ಉತ್ಸವ ಮುಗಿದ ಮೇಲೆ ಹತ್ತು ಚಿತ್ರಗಳನ್ನಾದರೂ ಧಾರವಾಡಕ್ಕೆ, ಕಲಬುರಗಿಗೆ, ಮಂಗಳೂರಿಗೆ, ಸಾಗರಕ್ಕೆ ಒಯ್ಯಬೇಕು. ಕೋವಿಡ್ ಕಾಲದಲ್ಲಿ, 2021ರಲ್ಲಿ, ಕೇರಳದವರು ಉತ್ಸವವನ್ನು ತಿರುವನಂತಪುರ, ಕೊಚ್ಚಿ, ತಲಶ್ಶೇರಿ, ಪಾಲಕ್ಕಾಡುಗಳಿಗೆ ಹಂಚಿದರು. ಅನಿವಾರ್ಯದಿಂದ ಮಾಡಿದ್ದಾದರೂ, ಆಗುತ್ತದೆ ಎಂಬುದು ಅದರಿಂದ ಗೊತ್ತಾಯಿತು.

ಸಬ್‌ಟೈಟಲ್ ಬರೆಯುವ ಕಷ್ಟ ನನಗೆ ಈಗ ಗೊತ್ತು. ಕಾಸರಗೋಡಿನಿಂದ ಬಂದು ಇಲ್ಲಿ ಕೆಲಸ ಮಾಡುವ ಇಬ್ಬರು ಗೆಳೆಯರ ಜೊತೆ ಒಂದು ಹಳೆಯ ಚಿತ್ರವನ್ನು ಅಭ್ಯಾಸಕ್ಕೆಂದು ಎತ್ತಿಕೊಂಡಿದ್ದೇವೆ. ಪರದೆಯ ಮೇಲೆ ಎರಡೇ ಸಾಲು, ಹೆಚ್ಚೆಂದರೆ ಆರೇಳು ಸೆಕೆಂಡು. ನಮ್ಮ ಕ್ರಿಯಾಪದಗಳ ಬಾಲ ಉದ್ದ. ‘ಹೋಗಬೇಕಾಗಿರಲಿಲ್ಲ’ ಎಂಬುದನ್ನು ಓದಿ ಮುಗಿಸುವಷ್ಟರಲ್ಲಿ ಪರದೆಯ ಮೇಲಿನವನು ಹೋಗಿಯೇ ಬಿಟ್ಟಿರುತ್ತಾನೆ. ಹಾಗಾಗಿ ವಾಕ್ಯವನ್ನು ಒಡೆಯುತ್ತೇವೆ, ‘ಯಾಕೆ ಹೋದೆ?’ ಎಂದು ತಿರುಗಿಸುತ್ತೇವೆ, ಯಾವುದು ಸರಿ ಎಂದು ಮಧ್ಯರಾತ್ರಿಯವರೆಗೆ ವಾದಿಸುತ್ತೇವೆ. ಮೂರು ತಿಂಗಳಿನಲ್ಲಿ ಮುಕ್ಕಾಲು ಭಾಗ ಮುಗಿದಿದೆ. ಮುಂದಿನ ಬೆಂಗಳೂರು ಉತ್ಸವಕ್ಕೆ ಎರಡು ಚಿತ್ರಗಳ ಕನ್ನಡ ಸಬ್‌ಟೈಟಲನ್ನು ಸಂಭಾವನೆಯಿಲ್ಲದೆ ಬರೆದುಕೊಡಲು ನಾವು ಮೂವರೂ ಸಿದ್ಧರಿದ್ದೇವೆ.