ಒಂದು ಸಣ್ಣ ವಿಷಯ, ಮಾರಾಯ್ರೆ

ಕಳೆದ ಸೋಮವಾರ ಬೆಳಿಗ್ಗೆ, ಕೊಡೆಯ ನೀರು ಇನ್ನೂ ಆಫೀಸಿನ ಮೆಟ್ಟಿಲ ಮೇಲೆ ಇಳಿಯುತ್ತಿರುವಾಗಲೇ, ನನ್ನ ಕೊರಳಿಗೆ ಒಂದು ಕೆಲಸ ಗಂಟುಬಿತ್ತು. ನಾವು ತಯಾರಿಸುವ ಪುಟ್ಟ ಕಂಪ್ಯೂಟರ್ ಬೋರ್ಡುಗಳಿಗೆ ಲಿನಕ್ಸ್ ಬಿಲ್ಡ್ ಮಾಡುವುದು, ಎಂದರೆ ಮೂಲ ಕೋಡಿನಿಂದ ಕಟ್ಟುವುದು, ಹೇಗೆ, ಮಾಡಿದ್ದನ್ನು ಪರೀಕ್ಷಿಸುವುದು ಹೇಗೆ ಎಂದು ಹೇಳುವ ನಮ್ಮ ಒಳಬಳಕೆಯ ಕೈಪಿಡಿಯನ್ನು ‘ಸ್ವಲ್ಪ ಅಪ್‌ಡೇಟ್’ ಮಾಡಬೇಕಂತೆ. ಮಂಗಳೂರಿನಲ್ಲಿ ಯಾರಾದರೂ ‘ಸ್ವಲ್ಪ’ ಎಂದರೆ ಜಾಗ್ರತೆ ವಹಿಸಬೇಕು. ‘ಸ್ವಲ್ಪ ದೂರ’ ಎಂದವರ ಮಾತು ನಂಬಿ ನಾನು ಹಂಪನಕಟ್ಟೆಯಿಂದ ಕದ್ರಿ ಗುಡ್ಡೆಯವರೆಗೆ ನಡೆದಿದ್ದೇನೆ.

ಇದಕ್ಕೆಲ್ಲ ಮೂಲ, ನಮ್ಮ ತಂಡಕ್ಕೆ ಹೊಸದಾಗಿ ಸೇರಿದ ಕುಂದಾಪುರದ ಹುಡುಗಿ. ಕೈಪಿಡಿಯಲ್ಲಿ ಬರೆದದ್ದನ್ನು ಬರೆದ ಹಾಗೆಯೇ ಮಾಡುವ ಸ್ವಭಾವ ಅವಳದು. ಉಳಿದ ನಾವ್ಯಾರೂ ಅದನ್ನು ತೆರೆದು ನೋಡದೆ ವರ್ಷಗಳಾಗಿದ್ದವು. ಹೆದ್ದಾರಿ ಅಗಲವಾದಾಗ ಕಡಿದುಹೋದ ಗೋಳಿಮರದ ಹೆಸರು ಹೇಳಿ ಇಂದಿಗೂ ದಾರಿ ತೋರಿಸುವ ಹಿರಿಯರಂತೆ, ನಮ್ಮ ಕೈಪಿಡಿಯೂ ಇಲ್ಲದ ಮರಗಳ ಬುಡದಲ್ಲಿ ಜನರನ್ನು ಇಳಿಸುತ್ತಿತ್ತು.

ಮೊದಲ ಪುಟದಲ್ಲೇ ಉಬುಂಟು ಎಂಬ ಲಿನಕ್ಸಿನ 16.04 ಆವೃತ್ತಿ ಬೇಕೆಂದಿತ್ತು. ಅವಳ ಹೊಸ ಲ್ಯಾಪ್‌ಟಾಪಿನಲ್ಲಿದ್ದದ್ದು 24.04. ಅದರಲ್ಲಿ ಆ್ಯಪ್‌ಆರ್ಮರ್ ಎಂಬ ಕಾವಲುಗಾರ ಸಾಮಾನ್ಯ ಬಳಕೆದಾರರ ನೇಮ್‌ಸ್ಪೇಸುಗಳಿಗೆ (ಪ್ರೋಗ್ರಾಮುಗಳನ್ನು ಬೇರೆಬೇರೆಯಾಗಿ ಇರಿಸುವ ಒಳಕೋಣೆಗಳಿಗೆ) ಅಡ್ಡ ನಿಲ್ಲುವುದರಿಂದ, ಬಿಲ್ಡ್ ನಡೆಸುವ ನಮ್ಮ ಬಿಟ್‌ಬೇಕ್ ಒಲೆ ಹಚ್ಚುವ ಮೊದಲೇ ಮುಷ್ಕರ ಹೂಡಿತು. ಡಿಸ್ಕಿನಲ್ಲಿ 50 ಜಿಬಿ ಜಾಗ ಸಾಕೆಂದೂ ಬರೆದಿತ್ತು. ನಮ್ಮ ಬಿಲ್ಡ್ ಸಲಕರಣೆಗಳನ್ನು ಒದಗಿಸುವ ಯೋಕ್ಟೋದವರು ತಮ್ಮ ಕೈಪಿಡಿಯಲ್ಲಿ ಆ 50ನ್ನು 90 ಮಾಡಿ, ಆಮೇಲೆ 140ಕ್ಕೂ ಏರಿಸಿ ಮುಂದೆ ಹೋಗಿದ್ದಾರೆ. ನಾವು ಮಾತ್ರ ಹಳೆಯ ದರದ ಚಿಲ್ಲರೆ ಹಿಡಿದುಕೊಂಡು ಕಂಡಕ್ಟರನ ಮುಂದೆ ನಿಂತಿದ್ದೆವು.

‘ಬಿಲ್ಡ್ ಇಪ್ಪತ್ತು ನಿಮಿಷದಲ್ಲಿ ಮುಗಿಯುತ್ತದೆ’ ಎಂಬ ವಾಕ್ಯವನ್ನು ಬರೆದವನು, ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ, ನಾನೇ. ನನ್ನ ಯಂತ್ರದಲ್ಲಿ ಅದು ನಿಜವೂ ಹೌದು, ಏಕೆಂದರೆ ಹಿಂದೆ ಬೇಯಿಸಿಟ್ಟದ್ದೆಲ್ಲ ಅಲ್ಲಿನ ಎಸ್‌ಸ್ಟೇಟ್ ಕ್ಯಾಶಿನಲ್ಲಿ ತಂಗಳಾಗಿ ಕುಳಿತಿದೆ, ಬಿಟ್‌ಬೇಕ್ ಅದನ್ನೇ ಬಿಸಿಮಾಡಿ ಬಡಿಸುತ್ತದೆ. ಅವಳ ಖಾಲಿ ಯಂತ್ರದಲ್ಲಿ ಅದು ಕಂಪೈಲರಿನಿಂದಲೇ ಅಡುಗೆ ಆರಂಭಿಸಬೇಕು. ಗೋಳಿಬಜೆ ಕೇಳಿದವನಿಗೆ ಮೊದಲು ಬಾಣಲೆ ಎರಕ ಹೊಯ್ದ ಹಾಗೆ. ಬೆಳಿಗ್ಗೆ ಹಾಕಿದ ಬಿಲ್ಡ್ ಸಂಜೆಯ ಚಾದ ಹೊತ್ತಿಗೂ ಮುಗಿದಿರಲಿಲ್ಲ. ಅಷ್ಟರಲ್ಲಿ ಆಟಿ ತಿಂಗಳ ಮಳೆಗೆ ಕರೆಂಟು ಹೋಯಿತು, ಲಿನಕ್ಸಿನ ತಿರುಳಾದ ಕರ್ನಲಿನ ಬಿಲ್ಡಿನ ನಡುವೆ ಬ್ಯಾಟರಿಯೂ ಕೈಕೊಟ್ಟಿತು. ಮುಗಿದ ಹಂತಗಳನ್ನು ಬಿಟ್‌ಬೇಕ್ ಮರೆಯುವುದಿಲ್ಲ, ನಾಳೆ ಅಲ್ಲಿಂದಲೇ ಮುಂದುವರಿಯುತ್ತದೆ ಎಂದು ಸಮಾಧಾನ ಹೇಳಿದೆ. “ಅದನ್ನೂ ಬರೆಯಬಹುದಿತ್ತಲ್ಲ ಸರ್” ಎಂದಳು.

ಬರೆಯಲು ಕುಳಿತೆ. ರೆಸಿಪಿಗಳಲ್ಲಿ, ಎಂದರೆ ಏನನ್ನು ಹೇಗೆ ಬಿಲ್ಡ್ ಮಾಡಬೇಕೆಂದು ಹೇಳುವ ಕಡತಗಳಲ್ಲಿ, ಕೊನೆಗೆ ಸೇರಿಸುವ ಅಪೆಂಡ್, ಮೊದಲಿಗೆ ಸೇರಿಸುವ ಪ್ರಿಪೆಂಡ್ ಎಂಬ ಪದಗಳ ಹಿಂದೆ ಹಾಕುತ್ತಿದ್ದ ಅಂಡರ್‌ಸ್ಕೋರ್ ಹೋಗಿ ಕೋಲನ್ ಬಂದದ್ದು 2021ರ ಅಕ್ಟೋಬರಿನಲ್ಲಿ, ಯೋಕ್ಟೋ 3.4ರ ಜೊತೆ. ನಮ್ಮ ಕೋಡೆಲ್ಲ ಬದಲಾಗಿತ್ತು, ಏಕೆಂದರೆ ಅದಕ್ಕೆ ಅವರೇ ಒಂದು ಸ್ಕ್ರಿಪ್ಟ್ ಕೊಟ್ಟಿದ್ದರು. ಕೈಪಿಡಿಗೆ ಸ್ಕ್ರಿಪ್ಟ್ ಓಡಿಸುವವರು ಯಾರು? ಊಟದ ಹೊತ್ತಾಗಿತ್ತು, ಹಸಿವಿನಲ್ಲಿ ನಾನು ಇಡೀ ಕಡತದ ಅಂಡರ್‌ಸ್ಕೋರ್‌ಗಳನ್ನೆಲ್ಲ ಒಂದೇ ಏಟಿಗೆ ಕೋಲನ್ ಮಾಡಿಬಿಟ್ಟೆ. ಊಟ ಮಾಡಿ ಬಂದು ನೋಡಿದರೆ, ಇಮೇಜಿಗೆ (ಬೋರ್ಡಿಗೆ ತುಂಬುವ ಕಡತಕ್ಕೆ) ಏನೇನು ಸೇರಬೇಕೆಂದು ಹೇಳುವ ಇಮೇಜ್-ಅಂಡರ್‌ಸ್ಕೋರ್-ಇನ್‌ಸ್ಟಾಲ್ ಎಂಬ ಬಡಪಾಯಿಯ ಸೊಂಟದಲ್ಲೂ ಕೋಲನ್ ಸಿಕ್ಕಿಕೊಂಡಿತ್ತು. ಒಂದೊಂದನ್ನೇ ಕಣ್ಣಿಟ್ಟು ಹಿಂದಕ್ಕೆ ತರಲು ಸಂಜೆಯಾಯಿತು.

ಇಷ್ಟೆಲ್ಲ ಆದರೂ ನನಗೆ ಸಿಟ್ಟು ಬಂದಿರಲಿಲ್ಲ. ಸಿಟ್ಟು ಬಂದದ್ದು ನಮ್ಮ ಹಿರಿಯ ಸಹೋದ್ಯೋಗಿಯ ಮೇಲೆ. ಬೋರ್ಡು ಯಾಕೆ ಏಳುತ್ತಿಲ್ಲ ಎಂಬುದನ್ನು ಅದರ ಎಲ್‌ಇಡಿ ಮಿನುಗುವ ಕ್ರಮ ನೋಡಿಯೇ ಹೇಳಬಲ್ಲವರು ಅವರು, ಆ ವಿದ್ಯೆಯ ಮುಂದೆ ನಾನು ಕೈಮುಗಿಯುತ್ತೇನೆ. ಆದರೆ ಅದರಲ್ಲಿ ಒಂದಕ್ಷರವನ್ನೂ ಅವರು ಬರೆದಿಟ್ಟವರಲ್ಲ. ಯಾರು ಏನು ಕೇಳಿದರೂ ಕುರ್ಚಿಯನ್ನು ಹಿಂದಕ್ಕೆ ತಳ್ಳಿ, ಕನ್ನಡಕ ಹಣೆಗೇರಿಸಿ, “ಅದೊಂದು ಸಣ್ಣ ವಿಷಯ ಮಾರಾಯ್ರೆ, ಬರೆಯುವಷ್ಟು ಎಂತದೂ ಇಲ್ಲ” ಎನ್ನುತ್ತಾರೆ.

ಬುಧವಾರ ಹುಡುಗಿ ಕೈಪಿಡಿ ನೋಡಿಕೊಂಡು, ಅಪೆಂಡ್ ಬಳಸಿ, ಇಮೇಜಿಗೆ ಡ್ರಾಪ್‌ಬೇರ್ (ದೂರದಿಂದ ಲಾಗಿನ್ ಆಗಲು ಬಿಡುವ ಪ್ಯಾಕೇಜ್) ಸೇರಿಸಿದಳು, ಸೇರಿತು. ಅದೇ ಮಾದರಿಯಲ್ಲಿ ಕೆಳಗಿನ ಸಾಲಿನಲ್ಲಿ ಐಟುಸಿ-ಟೂಲ್ಸ್ ಎಂಬ ಇನ್ನೊಂದು ಪ್ಯಾಕೇಜನ್ನು ಸೇರಿಸಿದಳು. ‘ಡ್ರಾಪ್‌ಬೇರ್‌ಐಟುಸಿ-ಟೂಲ್ಸ್’ ಎಂಬುದನ್ನು ಒದಗಿಸುವವರು ಯಾರೂ ಇಲ್ಲ ಎಂದು ಬಿಟ್‌ಬೇಕ್ ಕೆಂಪಕ್ಷರದಲ್ಲಿ ಕೂಗಿತು. ಆ ಹೆಸರಿನ ಪ್ಯಾಕೇಜನ್ನು ಅವಳು ಅಂತರ್ಜಾಲದಲ್ಲೆಲ್ಲ ಹುಡುಕಿದಳು, ಅವಳ ಪಕ್ಕ ಕುಳಿತು ನಾನೂ ಹುಡುಕಿದೆ. ಡ್ರಾಪ್‌ಬೇರಿನ ಹೊಸ ಆವೃತ್ತಿಯಲ್ಲಿ ಇಂಥದ್ದೊಂದು ಬಂದಿರಬಹುದೆಂದು, ವಯಸ್ಸಿನಲ್ಲಿ ದೊಡ್ಡವನಾದ ತಪ್ಪಿಗೆ, ಗಂಭೀರವಾಗಿ ಊಹೆಯನ್ನೂ ಮಾಡಿದೆ. ಹೀಗೆ ಎರಡು ಗಂಟೆ ಕಳೆದ ಮೇಲೆ ಹಿರಿಯರು ಚಾದ ಲೋಟ ಹಿಡಿದುಕೊಂಡು ಹಿಂದಿನಿಂದ ಹಾದುಹೋದರು. ನಿಲ್ಲಲೂ ಇಲ್ಲ. “ಉದ್ಧರಣ ಚಿಹ್ನೆಯ ಒಳಗೆ ಮೊದಲಿಗೆ ಒಂದು ಸ್ಪೇಸ್ ಬೇಕು ಮಾರಾಯ್ರೆ, ಅಪೆಂಡ್ ತಾನಾಗಿ ಜಾಗ ಬಿಡುವುದಿಲ್ಲ. ಸಣ್ಣ ವಿಷಯ” ಎಂದವರೇ ಕಿಟಕಿಯ ಹತ್ತಿರ ಹೋಗಿ ಮಳೆ ನೋಡತೊಡಗಿದರು.

ಹೌದು, ಬೇಕಾದದ್ದು ಒಂದು ಸ್ಪೇಸ್. ಮೊದಲ ಸಾಲು ನಡೆದದ್ದು ಪುಣ್ಯವಶಾತ್. ಮೂಲ ರೆಸಿಪಿಯ ಪಟ್ಟಿಯ ಕೊನೆಯಲ್ಲಿ ಖಾಲಿ ವೇರಿಯಬಲ್ ಒಂದಿದ್ದು, ಅದರ ಹಿಂದೆ ಹೇಗೂ ಒಂದು ತೆರಪಿತ್ತು. ಎರಡನೆಯದಕ್ಕೆ ಆ ಭಾಗ್ಯವಿರಲಿಲ್ಲವಾಗಿ ಅದು ಡ್ರಾಪ್‌ಬೇರಿನ ಬೆನ್ನಿಗೆ ಅಂಟಿಕೊಂಡಿತು, ಸ್ಟೇಟ್‌ಬ್ಯಾಂಕ್ ಬಸ್ಸಿನಲ್ಲಿ ಸಂಜೆ ಆರಕ್ಕೆ ನಾವೆಲ್ಲ ಒಬ್ಬರ ಬೆನ್ನಿಗೊಬ್ಬರು ಅಂಟಿಕೊಳ್ಳುವಂತೆ. ಕೈಪಿಡಿಯಲ್ಲಿ ಆ ಸ್ಪೇಸ್ ಯಾಕಿರಲಿಲ್ಲ ಎಂದು ಹಿರಿಯರನ್ನೇ ಕೇಳಿದೆ. ಅವರಿಗೆ ನಿಜವಾಗಿಯೂ ಆಶ್ಚರ್ಯವಾಯಿತು. “ಅದನ್ನೆಲ್ಲ ಯಾರಾದರೂ ಬರೆಯುತ್ತಾರಾ?”

ಅಂದಿನಿಂದ ನಾನು ಸಣ್ಣ ವಿಷಯಗಳನ್ನು ಹಟ ಹಿಡಿದು ಬರೆಯತೊಡಗಿದೆ. ‘ಸೀರಿಯಲ್ ಕೇಬಲ್ ಜೋಡಿಸಿ’ ಎಂದಷ್ಟೇ ಇದ್ದಲ್ಲಿ, ಈ ತುದಿಯ ಟಿಎಕ್ಸ್ (ಕಳುಹಿಸುವ ತಂತಿ) ಆ ತುದಿಯ, ಪಡೆಯುವ ಆರ್‌ಎಕ್ಸ್‌ಗೆ ಹೋಗಬೇಕು, ವೇಗ 115200 ಇರಬೇಕು ಎಂದು ಸೇರಿಸಿದೆ. ಆ ಕೇಬಲಿನ ಮೂಲಕ ಬೋರ್ಡಿನ ಜೊತೆ ಮಾತಾಡುವ ಪೈಕೊಕಾಮ್‌ನಿಂದ ಹೊರಬರಲು ಕಂಟ್ರೋಲ್-ಎ, ಆಮೇಲೆ ಕಂಟ್ರೋಲ್-ಎಕ್ಸ್ ಎಂದೂ ಬರೆದೆ. ಇದು ಯಾರಿಗೆ ಗೊತ್ತಿಲ್ಲ ಎನ್ನಬೇಡಿ. ಹೊರಬರುವ ದಾರಿ ಕಾಣದೆ ಹುಡುಗಿ ಎರಡು ದಿನ ಪ್ರತಿ ಸಲವೂ ಕೇಬಲನ್ನೇ ಕಿತ್ತು ತೆಗೆಯುತ್ತಿದ್ದಳು, ನಾವು ಅದನ್ನು ಅವಳ ಅಚ್ಚುಕಟ್ಟುತನ ಎಂದುಕೊಂಡಿದ್ದೆವು.

ಪರೀಕ್ಷೆಯ ಅಧ್ಯಾಯದ ಕೊನೆಗೆ ಬಂದಾಗ ಒಂದು ಹಳೆಯ ಸಾಲು ಸಿಕ್ಕಿತು: ‘ಇಷ್ಟಾದರೂ ಬೂಟ್ ಆಗದಿದ್ದರೆ 214ಕ್ಕೆ ಫೋನ್ ಮಾಡಿ, ನಾನು ಬರುತ್ತೇನೆ.’ ಬರೆದವನು ಈ ಕೈಪಿಡಿಯನ್ನು ಮೊದಲು ಆರಂಭಿಸಿದ ಗೆಳೆಯ, ಈಗ ಸಮುದ್ರದಾಚೆ ಇದ್ದಾನೆ. ಫೋನ್ ಮಾಡಿದರೆ ನಿಜವಾಗಿಯೂ ಬರುತ್ತಿದ್ದ, ಕೇಬಲನ್ನು ಶಲ್ಯದಂತೆ ಹೆಗಲಿಗೆ ಹಾಕಿಕೊಂಡು, ಮೆಟ್ಟಿಲನ್ನು ಎರಡೆರಡಾಗಿ ಹಾರಿ. ನಾನು ಸುಮ್ಮನೆ 214ಕ್ಕೆ ಡಯಲ್ ಮಾಡಿದೆ. ಆ ಫೋನು ಈಗ ಚಾ ಮಾಡುವ ಕೋಣೆಯಲ್ಲಿದೆ. “ಎಷ್ಟು ಚಾ?” ಎಂದು ಅತ್ತಲಿಂದ ಕೇಳಿದರು. ಎರಡು ಎಂದೆ. ಆ ಸಾಲನ್ನು ಅಳಿಸಲು ಮನಸ್ಸಾಗಲಿಲ್ಲ. 214ರ ಜಾಗದಲ್ಲಿ ನನ್ನ ಸಂಖ್ಯೆ ಹಾಕಿದೆ.

ಶುಕ್ರವಾರ ಎಲ್ಲವನ್ನೂ ಮುಗಿಸಿ, ಹುಡುಗಿಯ ಯಂತ್ರವನ್ನು ಪೂರ್ತಿ ಖಾಲಿ ಮಾಡಿ, ಮೊದಲ ಪುಟದಿಂದ ಕೊನೆಯ ಪುಟದವರೆಗೆ ಅವಳ ಕೈಯಿಂದಲೇ ಮಾಡಿಸಿ ನೋಡಿದೆ. ಬೋರ್ಡು ಎದ್ದು ಲಾಗಿನ್ ಕೇಳಿತು. ಒಮ್ಮೆ ಕಣ್ಣಾಡಿಸಿ ಎಂದು ಕೈಪಿಡಿಯನ್ನು ಹಿರಿಯರಿಗೆ ಕಳುಹಿಸಿ ಮನೆಗೆ ಹೊರಟೆ. ಉಡುಪಿಯ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಮೂಲ್ಕಿ ದಾಟುವಾಗ ಮೊಬೈಲಿಗೆ ಅವರ ಉತ್ತರ ಬಂತು. ತುಂಬ ಚೆನ್ನಾಗಿ ಬರೆದಿದ್ದೀರಿ, ಹೀಗೇ ಅಚ್ಚು ಹಾಕಿಸಿ ಹಂಚಿಯೂ ಆಯಿತು ಎಂದಿದ್ದರು. ಕೆಳಗೆ ಇನ್ನೊಂದು ಸಾಲಿತ್ತು.

“ಒಂದು ಸಣ್ಣ ವಿಷಯ ಮಾರಾಯ್ರೆ, ಅಪೆಂಡ್‌ನ ಉದಾಹರಣೆಯಲ್ಲಿ ಉದ್ಧರಣ ಚಿಹ್ನೆಯ ಒಳಗೆ ಸುಮ್ಮನೆ ಒಂದು ಸ್ಪೇಸ್ ಬಿದ್ದಿತ್ತು. ತೆಗೆದಿದ್ದೇನೆ.”