ಕೃಷ್ಣ ಅಯ್ಯರ್ ಅವರ ದಾರಿಯನ್ನೂ ನೋಡಬೇಕಿತ್ತು

ನ್ಯಾಯಾಧೀಶರ ಹುದ್ದೆ ತೊರೆದು ಶಾಸಕರಾದವರ ಕುರಿತು ನಾನು ಓದಿದ ಲೇಖನವೊಂದು ಅಂಥವರ ನಿಷ್ಪಕ್ಷಪಾತವನ್ನು ಸಾರಾಸಗಟಾಗಿ ಶಂಕಿಸುತ್ತದೆ. ಎದುರು ದಿಕ್ಕಿನಿಂದ, ಅಂದರೆ ರಾಜಕೀಯದಿಂದ ನ್ಯಾಯಪೀಠಕ್ಕೆ ಬಂದ ವಿ.ಆರ್. ಕೃಷ್ಣ ಅಯ್ಯರ್ ಅವರನ್ನು ಲೇಖಕರು ನೆನೆಯದಿರುವುದು ನನಗೆ ಕೊರತೆಯಾಗಿ ಕಂಡಿತು. 1952ರಲ್ಲಿ ಮದ್ರಾಸ್ ವಿಧಾನಸಭೆಗೂ 1957ರಲ್ಲಿ ತಲಶ್ಶೇರಿಯಿಂದ ಕೇರಳ ವಿಧಾನಸಭೆಗೂ ಆಯ್ಕೆಯಾಗಿ, ಮುಖ್ಯಮಂತ್ರಿ ಇ.ಎಂ.ಎಸ್. ನಂಬೂದಿರಿಪಾಡ್ ಅವರ ಸಂಪುಟದಲ್ಲಿ ಕಾನೂನು, ಗೃಹ, ಕಾರಾಗೃಹ ಮೊದಲಾದ ಖಾತೆಗಳನ್ನು ನಿರ್ವಹಿಸಿದ ಅವರು, 1968ರಲ್ಲಿ ಕೇರಳ ಹೈಕೋರ್ಟಿನ, 1973ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದರು. ಆಗಲೂ ಇಂಥದೇ ಆಕ್ಷೇಪಗಳೆದ್ದಿದ್ದವು.

ಆದರೆ ಸುನಿಲ್ ಬಾತ್ರಾ ಎಂಬ ಕೈದಿಯ ಪ್ರಕರಣದಲ್ಲಿ ಕೈದಿಗಳ ಹಕ್ಕುಗಳ ಬಗ್ಗೆ ಅವರು ಬರೆದ ಮಾತುಗಳ ಹಿಂದೆ, ಸೆರೆಮನೆಗಳ ಆಡಳಿತವನ್ನು ಮಂತ್ರಿಯಾಗಿ ಕಂಡ ಅನುಭವವಿತ್ತೆಂದೇ ನನ್ನ ಎಣಿಕೆ. (ಅವರ ಇಂಗ್ಲಿಷ್ ಓದಲು ನಿಘಂಟು ಬೇಕೆನ್ನುವುದು ಬೇರೆ ಮಾತು.) 1975ರ ಜೂನ್ 24ರಂದು ಇಂದಿರಾ ಗಾಂಧಿಯವರ ಆಯ್ಕೆಯನ್ನು ರದ್ದುಗೊಳಿಸಿದ್ದ ಅಲಹಾಬಾದ್ ಹೈಕೋರ್ಟಿನ ತೀರ್ಪಿಗೆ ಷರತ್ತುಬದ್ಧ ತಡೆಯಾಜ್ಞೆಯನ್ನಷ್ಟೇ ಕೊಟ್ಟು, ಆಕೆ ಪ್ರಧಾನಿಯಾಗಿ ಮುಂದುವರಿಯಬಹುದಾದರೂ ಲೋಕಸಭೆಯಲ್ಲಿ ಮತ ಚಲಾಯಿಸುವಂತಿಲ್ಲ ಎಂದವರೂ ಅವರೇ.

ನ್ಯಾಯಪೀಠದಿಂದ ಇಳಿದವರು ಚುನಾವಣೆಗೆ ನಿಲ್ಲುವ ಮುನ್ನ ಇಂತಿಷ್ಟು ಕಾಲ ಕಾಯಬೇಕೆಂದು ನಮ್ಮ ಸಂವಿಧಾನ ಹೇಳಿಲ್ಲ. ಲೇಖಕರ ಆಕ್ಷೇಪ ಆ ಒಂದು ಅಂಶಕ್ಕೆ ಸೀಮಿತವಾಗಿದ್ದರೆ ನಾನೂ ದನಿಗೂಡಿಸುತ್ತಿದ್ದೆ.