ಎರಡು ಸಾಲಿನ ಪರದೆ, ಇಡೀ ಕಾರ್ಖಾನೆಯ ಪಾಡು

ಶಿವಮೊಗ್ಗ ಬಳಿಯ ಮಾಚೇನಹಳ್ಳಿಯ ಫೌಂಡ್ರಿಯಲ್ಲಿ (ಲೋಹದ ಎರಕದ ಕಾರ್ಖಾನೆ) ಮರಳು ಸಾಗಿಸುವ ಕನ್ವೇಯರ್ ಇಂದೂ ಕೈಕೊಟ್ಟಿತು. ಅದನ್ನು ನಡೆಸುವ ಪಿಎಲ್‌ಸಿಯ (ಯಂತ್ರಗಳನ್ನು ನಿಯಂತ್ರಿಸುವ ಪುಟ್ಟ ಕಂಪ್ಯೂಟರ್) ಪ್ರೋಗ್ರಾಮ್ ನೋಡಲು ಮತ್ತೆ ನನ್ನ ಕೈಗೆ ಅದೇ ಹ್ಯಾಂಡ್‌ಹೆಲ್ಡ್ ಪ್ರೋಗ್ರಾಮರ್ ಎಂಬ ಕೈ ಉಪಕರಣ! ಎರಡೇ ಸಾಲಿನ ಪರದೆ, ಸಾಲಿಗೆ 16 ಅಕ್ಷರ. ನೂರಾರು ಹೆಜ್ಜೆಗಳ ಲ್ಯಾಡರ್ ಪ್ರೋಗ್ರಾಮನ್ನು (ಏಣಿಯ ಚಿತ್ರದಂತೆ ಬರೆಯುವ ಆದೇಶಗಳ ಸರಣಿ) ಬೀಗದ ತೂತಿನಲ್ಲಿ ಇಣುಕಿದಂತೆ ನೋಡಬೇಕು. ಎಲ್‌ಡಿ, ಆ್ಯಂಡ್, ಔಟ್ ಎಂದು ಆದೇಶಗಳನ್ನು ಒಂದೊಂದೇ ಒತ್ತಬೇಕು. ಎಣ್ಣೆ, ಮಸಿ ಮೆತ್ತಿದ ‘ಸ್ಟೆಪ್’ ಗುಂಡಿಯ ಧಿಮಾಕು ಬೇರೆ: ಒಮ್ಮೆ ಒತ್ತಿದರೆ ಕದಲುವುದಿಲ್ಲ, ಇನ್ನೊಮ್ಮೆ ಒತ್ತಿದರೆ ಮೂರು ಹೆಜ್ಜೆ ಹಾರುತ್ತದೆ. ಎಕ್ಸ್‌3 ಇನ್‌ಪುಟ್ (ಯಂತ್ರದಿಂದ ಪಿಎಲ್‌ಸಿಗೆ ಬರುವ ಸಂಕೇತ) ಬಂತೋ ಇಲ್ಲವೋ ಎಂದು ಕಣ್ಣು ಕಿರಿದಾಗಿಸಿ ನೋಡುತ್ತಿದ್ದರೆ ಬೆನ್ನ ಹಿಂದೆ ಸೂಪರ್‌ವೈಸರ್, ‘ಆಯಿತಾ ಮಾರಾಯರೇ?’ ಆಗುವುದು ಹೇಗೆ? ನನ್ನ ಕೈಯಲ್ಲಿರುವ ಈ ಉಪಕರಣ ಮಹಾನುಭಾವನಿಗೆ ಕರೆಂಟ್ ಬರುವುದೂ ಪಿಎಲ್‌ಸಿಯಿಂದಲೇ. ಮಲೆನಾಡಿನ ಜಡಿಮಳೆಯಲ್ಲಿ ಕರೆಂಟ್ ಹೋಗದ ದಿನ ಯಾವುದು? ಯುಪಿಎಸ್ ಕೊಡಿಸಿ ಎಂದರೆ, ‘ಮುಂದಿನ ವರ್ಷ ನೋಡೋಣ’. ಪ್ರೋಗ್ರಾಮಿನ ಪಾಸ್‌ವರ್ಡ್ ಗೊತ್ತಿದ್ದವನೋ, ಕೆಲಸ ಬಿಟ್ಟು ಬೆಂಗಳೂರು ಸೇರಿದ್ದಾನೆ.